ಸಿದೋನಿಯ ಬಾಗಿಲಿಗೊಂದು ಕಂಬ

ನಮ್ಮ ಮೊಂತಿಬ್ರಾಕಿನಲ್ಲಿ ರೊಟ್ಟಿ ತಿನ್ನಬೇಕೆಂದರೆ ಮೊದಲು ಸಿದೋನಿ ಕೇರ್ವಾಳಿಂದ ಒಂದೆರಡು ಮಾತು ತಿನ್ನಬೇಕಾಗಿತ್ತು. ಊರಿನ ರೊಟ್ಟಿ ಒಲೆ ತಣ್ಣಗಾಗಿ ಎಷ್ಟೋ ವರ್ಷವಾಗಿತ್ತು. ಪಕ್ಕದ ಪೇಟೆಯ ವ್ಯಾನು ಬೆಳಿಗ್ಗೆ ಬಂದು ಉದ್ದುದ್ದನೆಯ ರೊಟ್ಟಿಗಳನ್ನು ಅವಳ ಅಂಗಡಿಯ ಮೂಲೆಯಲ್ಲಿ ಸೌದೆಯ ಹಾಗೆ ಒರಗಿಸಿ ಹೋಗುತ್ತಿತ್ತು. ಕಾಫಿ, ವೈನು, ಅಂಚೆಚೀಟಿ, ಇಲಿ ಪಾಷಾಣ ಎಲ್ಲವೂ ಅದೇ ಅಂಗಡಿಯಲ್ಲಿ ಸಿಗುತ್ತಿದ್ದವು. ಊರವರೆಲ್ಲ ಬಳಸುವ ಟೆಲಿಫೋನೂ ಅಲ್ಲೇ ಇತ್ತು. ಅದರಲ್ಲಿ ಯಾರು ಏನು ಮಾತಾಡಿದರೂ ಅದು ಗುಟ್ಟಾಗಿ ಉಳಿಯುತ್ತಿದ್ದುದು ಅವರು ಫೋನು ಕೆಳಗಿಡುವವರೆಗೆ ಮಾತ್ರ.

ಸಿದೋನಿಗೆ ಅರವತ್ತು ಹತ್ತಿರವಾಗಿತ್ತು. ಕುಳ್ಳಗಿನ ಆಳು, ಮದುವೆಯಾಗಿರಲಿಲ್ಲ, ಎದೆಗೆ ಅಡ್ಡಲಾಗಿ ಸದಾ ಒಂದು ನೀಲಿ ಏಪ್ರನ್ನು. ಅವಳ ಬಾಯಿಗೆ ಬೀಳದವರು ಊರಿನಲ್ಲಿ ಯಾರೂ ಇರಲಿಲ್ಲ. ತಿಂಗಳಿಗೊಮ್ಮೆ ಬಂದು ಪೂಜೆ ಮುಗಿಸಿ ಹೋಗುವ ಪಾದ್ರಿಯನ್ನು ಅವಳು ಅತಿಥಿ ಕಲಾವಿದರೆಂದು ಕರೆಯುತ್ತಿದ್ದಳು. ಬಡಗಿ ಫುಲ್ಬೇರ್ ರೊಟ್ಟಿಗೆ ಬಂದರೆ, ಅವನೇ ಮಾಡಿಕೊಟ್ಟ ಅಂಗಡಿ ಬಾಗಿಲನ್ನು ತೋರಿಸಿ, "ಬೇಸಿಗೇಲಿ ಮುಚ್ಕೊಳ್ಳುತ್ತೆ, ಚಳಿಗಾಲದಲ್ಲಿ ತೆರ್ಕೊಳ್ಳುತ್ತೆ. ಏನ್ ಬುದ್ಧಿವಂತ ಬಾಗಿಲಯ್ಯಾ ನಿಂದು" ಎನ್ನುತ್ತಿದ್ದಳು. ಬೈಸಿಕೊಂಡವರು ಮುಖ ಊದಿಸಿಕೊಂಡು ಹೋಗಿ ಮರುದಿನ ಮತ್ತೆ ಬರುತ್ತಿದ್ದರು. ರೊಟ್ಟಿ ಬೇಕಲ್ಲ. ಅದಕ್ಕಿಂತ ಹೆಚ್ಚಾಗಿ, ಇವತ್ತು ಯಾರ ಸರದಿ ಎಂದು ನೋಡಬೇಕಲ್ಲ.

ಅವಳ ನಾಲಿಗೆ ಅತಿ ಹರಿತವಾಗುತ್ತಿದ್ದುದು ಮೇ ಕಂಬದ ವಿಷಯಕ್ಕೆ. ಯಾರಾದರೂ ಚುನಾವಣೆ ಗೆದ್ದರೆ, ಯಾರದಾದರೂ ಮದುವೆಯಾದರೆ, ಊರವರು ಸೇರಿ ಕಾಡಿನಿಂದ ಎತ್ತರದ ಪೈನ್ ಮರವೊಂದನ್ನು ಕದ್ದು ತರುತ್ತಾರೆ. ತುದಿಯ ಹಸಿರು ಕುಚ್ಚೊಂದನ್ನು ಬಿಟ್ಟು ಉಳಿದ ತೊಗಟೆ ಕೊಂಬೆ ಎಲ್ಲ ಸವರಿ, ಬಾವುಟ ಮಾಲೆ ಹಲಗೆ ಕಟ್ಟಿ, ಬೆಳಗಾಗುವ ಹೊತ್ತಿಗೆ ಆ ಮನೆಯ ಬಾಗಿಲಲ್ಲಿ ನೆಡುತ್ತಾರೆ. ಮರ ಕದ್ದದ್ದೇ ಆಗಿರಬೇಕು. ಕೊಂಡು ತಂದ ಮರಕ್ಕೆ ನಮ್ಮಲ್ಲಿ ಮರ್ಯಾದೆಯಿಲ್ಲ. ಮನೆಯವರು ಬಂದವರಿಗೆಲ್ಲ ಹೊಟ್ಟೆ ತುಂಬ ತಿನ್ನಿಸಿ ಕುಡಿಸಬೇಕು. ಕಂಬ ತಾನಾಗಿ ಕೊಳೆತು ಬೀಳುವವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ನನಗೊಂದು ನೆಡಿ ಎಂದು ಕೇಳುವಂತೆಯೂ ಇಲ್ಲ. ಕೇಳಿ ಪಡೆದದ್ದು ಗೌರವವಾಗುವುದಿಲ್ಲ.

ಆನ್ಸೆಲ್ಮ್ ವೆರ್ದಿಯೆ ಊರಿಗೆ ಮೇಯರಾಗಿ ಹದಿನೆಂಟು ವರ್ಷವಾಗಿತ್ತು. ಗೆದ್ದಾಗಲೆಲ್ಲ ನೆಟ್ಟು ನೆಟ್ಟು ಅವನ ಗೇಟಿನ ಬಳಿ ಕಂಬಗಳು ಸಾಲಾಗಿ ನಿಂತಿದ್ದವು. ಹಳೆಯದು ವಾಲಿತ್ತು, ಹೊಸದು ನೆಟ್ಟಗಿತ್ತು. ಸಿದೋನಿ ಅವನ ಮನೆಗೆ ಹಡಗುಗಳ ಬಂದರು ಎಂದು ಹೆಸರಿಟ್ಟಿದ್ದಳು. ಅವನು ಅಂಗಡಿಗೆ ಕಾಲಿಟ್ಟರೆ ಸಾಕು, "ಹಡಗು ಯಾವಾಗ ಹೊರಡುತ್ತೆ, ಕ್ಯಾಪ್ಟನ್?" ಎಂದು ಕೇಳುತ್ತಿದ್ದಳು. ಸತ್ತ ಮರದ ಚಡ್ಡಿ ಬಿಚ್ಚಿ ನಿಲ್ಲಿಸಿ ಅದಕ್ಕೆ ಸಲಾಮು ಹೊಡೆಯುವ ಊರು ಇದೊಂದೇ ಇರಬೇಕು ಎನ್ನುತ್ತಿದ್ದಳು. ತನ್ನ ಬಾಗಿಲ ಮುಂದೆ ಯಾರಾದರೂ ಅಂಥದ್ದೊಂದು ನೆಟ್ಟರೆ ಸಂಜೆಯೊಳಗೆ ಸೌದೆ ಮಾಡಿ ಒಲೆಗೆ ಹಾಕುತ್ತೇನೆ ಎಂದು ಊರಿಗೆಲ್ಲ ಸಾರಿದ್ದಳು.

ಇಷ್ಟಾಗಿಯೂ ಕಂಬಕ್ಕೆ ಹಸಿರು ಮಾಲೆ ಕಟ್ಟುವುದರಲ್ಲಿ ಅವಳದೇ ಎತ್ತಿದ ಕೈ. ಯಾರ ಮನೆಯ ಕಂಬವಾದರೂ ಮಾಲೆ ಕಟ್ಟಲು ಅವಳನ್ನೇ ಕರೆಯುತ್ತಿದ್ದರು. ಅವಳು ಬೈಯುತ್ತ ಬಂದು, ಬೈಯುತ್ತ ಕಟ್ಟಿ, ಗಂಟು ಸಡಿಲವಾಗಿದೆಯೆಂದು ಬಿಚ್ಚಿ ಮತ್ತೆ ಕಟ್ಟಿ, ಬೈಯುತ್ತ ಹೋಗುತ್ತಿದ್ದಳು. ಒಗ್ಗದ ಕೆಲಸವನ್ನು ಇಷ್ಟು ಅಚ್ಚುಕಟ್ಟಾಗಿ ಯಾರಾದರೂ ಮಾಡುತ್ತಾರೆಯೇ ಎಂದು ಒಬ್ಬರಿಗಾದರೂ ಹೊಳೆಯಬೇಕಿತ್ತು. ನಮ್ಮೂರಿನವರಿಗೆ ಹಂದಿಯ ಹೆಜ್ಜೆ ಗೊತ್ತಾದಷ್ಟು ಸುಲಭವಾಗಿ ಮನುಷ್ಯರದು ಗೊತ್ತಾಗುವುದಿಲ್ಲ.

ನಿಜ ಹೇಳಬೇಕೆಂದರೆ, ಸಿದೋನಿಗೆ ಒಂದು ಕಂಬ ಬೇಕಾಗಿತ್ತು. ತನ್ನ ಬಾಗಿಲ ಮುಂದೆ, ತನ್ನ ಹೆಸರಿನದು.

ಇಪ್ಪತ್ತರ ಹರೆಯದಲ್ಲಿ ಅವಳಿಗೆ ಮದುವೆ ಗೊತ್ತಾಗಿತ್ತು. ಊರ ಹುಡುಗರು ಆಗಲೇ ಮರ ಕದ್ದು ತಂದು, ತೊಗಟೆ ಸುಲಿದು, ಕೇರ್ವಾ ಮನೆಯ ಹಿಂದಿನ ಕೊಟ್ಟಿಗೆಯಲ್ಲೇ ಬಚ್ಚಿಟ್ಟಿದ್ದರು. ಮದುಮಗಳಿಗೆ ಗೊತ್ತಿಲ್ಲವೆಂದು ಅವರ ಎಣಿಕೆ. ಅವಳು ದಿನವೂ ಹೋಗಿ ಅದರ ನುಣುಪನ್ನು ಸವರಿ ಬರುತ್ತಿದ್ದಳು. ಮದುವೆ ಹತ್ತಿರ ಬಂದಾಗ ಗಂಡಿಗೆ ಇದ್ದಕ್ಕಿದ್ದಂತೆ ಹಿಟ್ಟಿನ ಗಿರಣಿಯಿರುವ ಮನೆಯ ಹುಡುಗಿ ಹೆಚ್ಚು ಚೆಂದ ಕಂಡಳು. ಇಂಥದ್ದು ಎಲ್ಲ ಊರಲ್ಲೂ ನಡೆಯುತ್ತದೆ. ನಮ್ಮವರು ಆಮೇಲೆ ಮಾಡಿದ್ದು ಮಾತ್ರ ಎಲ್ಲ ಊರಲ್ಲೂ ನಡೆಯುವುದಿಲ್ಲ. ಸುಲಿದ ಮರ ಸುಮ್ಮನೆ ಹಾಳಾಗುತ್ತದಲ್ಲ ಎಂದು ಅದನ್ನೇ ಹೊತ್ತುಕೊಂಡು ಹೋಗಿ ಗಿರಣಿಯ ಮುಂದೆ ನೆಟ್ಟು, ಅಲ್ಲಿ ಉಂಡು ಬಂದರು. ಜಿಪುಣತನಕ್ಕೆ ಕಣ್ಣು ಕಿವಿ ಇರುವುದಿಲ್ಲ, ಇದ್ದಿದ್ದರೆ ಅಡಿಗೆಮನೆಯ ಕಿಟಕಿಯಲ್ಲಿ ನಿಂತಿದ್ದ ಹುಡುಗಿ ಅವರಿಗೆ ಕಾಣಿಸುತ್ತಿದ್ದಳು. ಹೊತ್ತವರಲ್ಲಿ ಒಬ್ಬನಿಗೆ ಕಾಣಿಸಿದಳು. ಆನ್ಸೆಲ್ಮ್, ಆಗಿನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ, ಮರದ ಹಿಂತುದಿ ಹೆಗಲ ಮೇಲಿಟ್ಟುಕೊಂಡು ಅವಳ ಮುಖ ನೋಡಿದ. ನೋಡಿಯೂ ಹೆಗಲು ಇಳಿಸಲಿಲ್ಲ. ಅದಾದ ಮೇಲೇ ಸಿದೋನಿ ಕಂಬಗಳನ್ನು ಆಡಿಕೊಳ್ಳತೊಡಗಿದ್ದು.

ಮದುವೆಯ ಕಂಬದ ವಯಸ್ಸು ದಾಟಿತು. ಉಳಿದದ್ದು ಚುನಾವಣೆಯ ಕಂಬ. ಆದರೆ ಅಷ್ಟು ವರ್ಷ ಆಡಿಕೊಂಡು, ಈಗ ತಾನೇ ಉಮೇದುವಾರಳಾಗಿ ನಿಲ್ಲುವುದು ಹೇಗೆ? ತನಗೆ ಗೊತ್ತಿಲ್ಲದಂತೆ, ತನ್ನ ಇಷ್ಟವಿಲ್ಲದಂತೆ, ಜಾರಿ ಬಿದ್ದ ಹಾಗೆ ಗೆಲ್ಲಬೇಕು. ಎಂಬತ್ತಮೂರನೆಯ ಇಸವಿಯ ಮಾರ್ಚಿನಲ್ಲಿ ಪಂಚಾಯಿತಿ ಚುನಾವಣೆ ಬಂದಾಗ ಸಿದೋನಿ ಅದಕ್ಕೊಂದು ದಾರಿ ಕಂಡುಕೊಂಡಳು.

ನಮ್ಮಂಥ ಸಣ್ಣ ಊರುಗಳಲ್ಲಿ ಆಗ ಮತ ಹಾಕುವ ರೀತಿಯೇ ಬೇರೆ. ಅಚ್ಚಾದ ಹೆಸರುಗಳ ಹಾಳೆ ಕೊಡುತ್ತಿದ್ದರು. ಬೇಡವಾದ ಹೆಸರನ್ನು ಹೊಡೆದುಹಾಕಿ ಪಕ್ಕದಲ್ಲಿ ಬೇಕಾದವರ ಹೆಸರು ಬರೆಯಬಹುದಿತ್ತು. ಆ ಮನುಷ್ಯ ಚುನಾವಣೆಗೆ ನಿಂತೇ ಇರದಿದ್ದರೂ ಅಡ್ಡಿಯಿಲ್ಲ. ಹಿಂದೊಮ್ಮೆ ಯಾರೋ ತಮ್ಮ ಕತ್ತೆಯ ಹೆಸರು ಬರೆದಿದ್ದರು. ಅದು ಲೆಕ್ಕಕ್ಕೆ ಬರಲಿಲ್ಲವೆಂದು ಹಲವರಿಗೆ ಬೇಸರವೂ ಆಗಿತ್ತು.

ಸಿದೋನಿ ರೊಟ್ಟಿ ಕೊಡುವಾಗ ಒಬ್ಬೊಬ್ಬರನ್ನೇ ಹತ್ತಿರ ಕರೆದು ಪಿಸುಗುಟ್ಟಿದಳು. "ನನ್ನ ಹೆಸರೊಂದು ಬರ್ದುಬಿಡು. ಎಣಿಸುವಾಗ ಜೋರಾಗಿ ಓದ್ತಾರಲ್ಲ, ಆನ್ಸೆಲ್ಮನ ಮೀಸೆ ಹೆಂಗೆ ಕುಣಿಯುತ್ತೆ ನೋಡೋಣ. ಯಾರಿಗೂ ಹೇಳ್ಬೇಡ ಮತ್ತೆ. ನೀನೊಬ್ಳೇ." ಇದನ್ನು ಅವಳು ಪಕ್ಕದ ಮನೆಯ ಬಾತು ಸಾಕುವ ಓಕ್ತಾವಿಗೆ ಹೇಳಿದಳು. ಫುಲ್ಬೇರನಿಗೆ ಹೇಳಿದಳು. ಬೇಟೆಗಾರರಿಗೆ, ಅವರ ಹೆಂಡತಿಯರಿಗೆ, ಕಣಿವೆಯ ಕೆಳಗಿನ ಮನೆಗಳವರಿಗೆ ಹೇಳಿದಳು. ನಾಲ್ಕಾರು ಜನ ನಿಜವಾಗಿ ಬರೆದಾರು, ಉಳಿದವರು ಬಾಯಿಬಿಟ್ಟಾರು, ಅದರಿಂದ ಇನ್ನಷ್ಟು ಜನಕ್ಕೆ ಹುಮ್ಮಸ್ಸು ಬಂದು ಪಂಚಾಯಿತಿಯ ಕೊನೆಯ ಸೀಟಿನ ಮೂಲೆಯಲ್ಲಿ ತಾನೂ ತೂರಿಕೊಂಡೇನು ಎಂಬುದು ಅವಳ ಲೆಕ್ಕಾಚಾರ.

ಎಡವಟ್ಟಾದದ್ದು ಏನೆಂದರೆ, ಮೊಂತಿಬ್ರಾಕಿನವರು ಹುಟ್ಟಿದ ಮೇಲೆ ಮೊದಲ ಸಲ ಒಂದು ಗುಟ್ಟನ್ನು ಗುಟ್ಟಾಗಿ ಇಟ್ಟರು. ಗಂಡ ಹೆಂಡತಿಗೂ ಹೇಳಲಿಲ್ಲ. ಒಬ್ಬೊಬ್ಬರೂ ತಾವೊಬ್ಬರೇ ಈ ತುಂಟತನ ಮಾಡುತ್ತಿರುವುದೆಂದು ನಂಬಿ ಪರದೆಯ ಹಿಂದೆ ಹೋದರು. ಅಲ್ಲಿ ಇನ್ನೊಂದು ಪ್ರಶ್ನೆ ಎದುರಾಯಿತು. ಸಿದೋನಿಯ ಹೆಸರು ಬರೆಯಬೇಕಾದರೆ ಯಾರದಾದರೂ ಒಂದು ಹೆಸರು ಹೊಡೆಯಬೇಕು. ಯಾರದು? ಇವನು ಭಾವ, ಅವನು ಬೇಲಿಯಾಚೆಯವನು, ಇನ್ನೊಬ್ಬ ಸೋತರೂ ಸೋತಾನು, ಪಾಪ. ಆನ್ಸೆಲ್ಮನದು ಹೊಡೆದರೆ ಏನೂ ತೊಂದರೆಯಿಲ್ಲ. ಅವನು ಹೇಗೂ ಗೆಲ್ಲುತ್ತಾನೆ. ಹೀಗೆಂದು ಯೋಚಿಸಿ ಎಲ್ಲರೂ ಒಳ್ಳೆಯ ಮನಸ್ಸಿನಿಂದ ಆನ್ಸೆಲ್ಮನನ್ನು ಹೊಡೆದುಹಾಕಿದರು.

ಸಂಜೆ ಎಣಿಕೆಗೆ ಊರೆಲ್ಲ ನೆರೆದಿತ್ತು. ಫುಲ್ಬೇರ್ ಹಾಳೆಗಳನ್ನು ಬಿಡಿಸಿ ಓದುತ್ತಿದ್ದ. ಮೊದಲ ಸಲ ಸಿದೋನಿ ಕೇರ್ವಾ ಎಂದು ಕೇಳಿದಾಗ ನಗು ಸಿಡಿಯಿತು. ಎರಡನೆಯ ಸಲವೂ ನಕ್ಕರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳತೊಡಗಿದರು. ಕೊನೆಯಲ್ಲಿ ಸಿದೋನಿ ಪಂಚಾಯಿತಿಯೊಳಗಿದ್ದಳು, ಆನ್ಸೆಲ್ಮ್ ಹೊರಗಿದ್ದ. ಫಲಿತಾಂಶ ಸಾರಬೇಕಾದವನು ಮೇಯರೇ ಆದದ್ದರಿಂದ ತನ್ನ ಸೋಲನ್ನು ಅವನೇ ಎದ್ದು ನಿಂತು ಓದಿದ. ಅವನ ಮೀಸೆ ಕುಣಿಯಲಿಲ್ಲ. ಓದಿ ಮುಗಿಸಿ, ಕನ್ನಡಕ ತೆಗೆದು ಜೇಬಿಗಿಟ್ಟು, "ಸರಿ. ದೀಪ ಆರಿಸಿ ಬೀಗ ಹಾಕೋದು ಮರೀಬೇಡಿ" ಎಂದು ಹೇಳಿ ಮನೆಗೆ ಹೋದ.

ಸಿದೋನಿಗೆ ಎದೆಯಲ್ಲಿ ಚುಚ್ಚಿದಂತಾಯಿತು. ಅವನ ಕಾಲೆಳೆಯುವುದು ಬೇರೆ, ಕಾಲನ್ನೇ ಕೀಳುವುದು ಬೇರೆ. ಆದರೆ ಅದರ ಜೊತೆಗೇ, ನಾಚಿಕೆಯಿಲ್ಲದ ಒಂದು ಸಂತೋಷವೂ ಹೊಟ್ಟೆಯಲ್ಲಿ ಎದ್ದು ಕೂತಿತು. ಇನ್ನು ಕಂಬ ಬಂದೇ ಬರುತ್ತದೆ.

ಪಂಚಾಯಿತಿಯ ಹೊಸಬರು ಸೇರಿ ಮೇಯರನ್ನು ಆರಿಸಬೇಕಿತ್ತು. ಆನ್ಸೆಲ್ಮನಿಲ್ಲದ ಮೇಲೆ ಆ ಕುರ್ಚಿ ಯಾರಿಗೂ ಬೇಡವಾಗಿತ್ತು. ಸಿದೋನಿಯ ಅಂಗಡಿ ಕಚೇರಿಯ ಎದುರಿಗೇ ಇದೆ, ಟೆಲಿಫೋನೂ ಇದೆ, ಊರಿನ ಸಮಾಚಾರವೆಲ್ಲ ಹೇಗೂ ಅವಳಿಗೆ ಮೊದಲೇ ಗೊತ್ತಿರುತ್ತದೆ ಎಂದು ಅವಳನ್ನೇ ಹಿಡಿದುಕೊಂಡರು. ಅವಳು ಬೇಡ ಬೇಡವೆಂದಳು. ಬೇಡವೆಂದದ್ದನ್ನು ಅವರು ಒಪ್ಪಿಬಿಡದಂತೆ ಜಾಗ್ರತೆಯಾಗಿ ಹೇಳಿದಳು.

ಕಂಬ ಹೇಳಿ ಕೇಳಿ ಬರುವುದಿಲ್ಲ. ಆದ್ದರಿಂದ ಮನೆಯಲ್ಲಿ ಎಲ್ಲ ಸಿದ್ಧವಿರಬೇಕು. ಕಂಬ ಬಂದ ಬೆಳಿಗ್ಗೆ ಮನೆಯಲ್ಲಿ ತಿನ್ನಲು ಕುಡಿಯಲು ಇಲ್ಲದಿದ್ದರೆ ಅದಕ್ಕಿಂತ ಅವಮಾನ ಬೇರಿಲ್ಲ. ಸಿದೋನಿ ಓಕ್ತಾವಿಯ ಹತ್ತಿರ ಬಾತುಗಳನ್ನು ಕೊಂಡು, ಕೊಬ್ಬಿನಲ್ಲಿ ಬೇಯಿಸಿ, ಮಾಂಸ ಅರೆದು, ಜಾಡಿ ಜಾಡಿ ತುಂಬಿ ಹಿಂದಿನ ಕೋಣೆಯ ಹಲಗೆಗಳ ಮೇಲೆ ಜೋಡಿಸಿದಳು. ವಾಲ್‌ನಟ್ ಕೇಕು ಮಾಡಿದಳು. ಅದು ಹಳಸಿದ ಮೇಲೆ ಮತ್ತೆ ಮಾಡಿದಳು. ವೈನಿನ ಪೀಪಾಯಿಯೊಂದನ್ನು ಮೂಲೆಯಲ್ಲಿಟ್ಟು ಗೋಣಿ ಹೊದಿಸಿದಳು. ಬಾಗಿಲ ಮುಂದಿನ ಗುಲಾಬಿ ಗಿಡವನ್ನು ಕಿತ್ತು ಅಲ್ಲಿ ಆಳವಾಗಿ ಅಗೆದಳು. ಯಾಕೆಂದು ಓಕ್ತಾವಿ ಕೇಳಿದ್ದಕ್ಕೆ ಹೆಗ್ಗಣ ಹಿಡಿಯುತ್ತಿದ್ದೇನೆ ಎಂದಳು.

ಏಪ್ರಿಲ್ ಹೋಯಿತು. ಮೇ ಬಂತು. ಹೊಸಬರ ಮನೆಗಳ ಮುಂದೆ ಒಂದೊಂದಾಗಿ ಕಂಬಗಳು ಎದ್ದವು. ಕಣಿವೆಯ ಕೆಳಗೆ, ಗೆದ್ದದ್ದು ತನಗೇ ನಂಬಿಕೆಯಾಗದ ಒಬ್ಬ ಟ್ರ್ಯಾಕ್ಟರು ಮೆಕ್ಯಾನಿಕ್ಕನಿಗೂ ಒಂದು ಎದ್ದಿತು. ಮೇಯರಾದ್ದರಿಂದ ಸಿದೋನಿ ಪ್ರತಿ ಮನೆಯ ಊಟಕ್ಕೂ ಹೋಗಿ ಎರಡು ಮಾತಾಡಬೇಕಿತ್ತು. ಹೋದಳು. ಗ್ಲಾಸು ಎತ್ತಿ ಬಾಯಿ ತೆರೆದರೆ ಹಳೆಯ ಚಾಳಿ ತಾನಾಗಿ ಹೊರಬಂತು. ಮೆಕ್ಯಾನಿಕ್ಕನ ಕಂಬದ ಕೆಳಗೆ, ಇಷ್ಟು ಉದ್ದದ ಹಲ್ಲುಕಡ್ಡಿ ಯಾರ ಬಾಯಿಗೆ ಎಂದು ಕೇಳಿದಳು. ಜನ ಬಿದ್ದು ಬಿದ್ದು ನಕ್ಕರು. ಅವರು ನಗುತ್ತಿರುವಾಗ, ತನ್ನ ಬಾಗಿಲಿನ ಕಂಬ ಇನ್ನೊಂದು ಹೆಜ್ಜೆ ದೂರ ಸರಿಯುವುದು ಅವಳ ಕಣ್ಣಿಗೆ ಕಾಣುತ್ತಿತ್ತು. ಬಾಯಿಗೆ ಬೀಗ ಹಾಕೋಣವೆಂದರೆ ಕೀಲಿಕೈ ಅವಳ ಹತ್ತಿರವೇ ಇರಲಿಲ್ಲ.

ಒಂದು ದಿನ ತಡೆಯಲಾರದೆ ಫುಲ್ಬೇರನ ಹತ್ತಿರ ಸುತ್ತಿ ಬಳಸಿ ವಿಷಯಕ್ಕೆ ಬಂದಳು. ಈ ವರ್ಷ ಪೈನ್ ಮರಗಳು ಹೇಗಿವೆ ಎಂದು ಕೇಳಿದಳು. ನೆಲಕ್ಕೆ ಹಾಸುವ ಹಲಗೆಗೆ ಪರವಾಗಿಲ್ಲ ಎಂದು ಅವನು ಹೇಳಿದ. ಉದ್ದನೆಯವು ಉಳಿದಿವೆಯೋ ಎಂದು ಕೇಳಿದಳು. ಅವನು ಅರ್ಥವಾದವನಂತೆ ತಲೆಯಾಡಿಸಿ ಸಮಾಧಾನ ಹೇಳಿದ.

"ಹೆದರ್ಬೇಡ ಸಿದೋನಿ. ನಿನ್ನ ಬಾಗಿಲಿಗೆ ತರೋಲ್ಲ. ನೀನು ಸೌದೆ ಸೀಳೋದನ್ನ ನೋಡೋಕೆ ನಾವ್ಯಾಕೆ ಬೆನ್ನು ಮುರ್ಕೊಂಡು ಮರ ಕದೀಬೇಕು?"

"ಹಾಗೆ ಬಾ ದಾರಿಗೆ," ಎಂದಳು ಸಿದೋನಿ. ಅಂದ ಮೇಲೆ ತನ್ನ ನಾಲಿಗೆಯನ್ನೇ ಕಚ್ಚಿಕೊಳ್ಳಬೇಕೆನ್ನಿಸಿತು.

ಮೇ ತಿಂಗಳು ದಾಟಿದರೆ ಚುನಾವಣೆಯ ಕಂಬ ನೆಡುವ ಪದ್ಧತಿಯಿಲ್ಲ. ಮುಂದಿನ ಚುನಾವಣೆಯ ಹೊತ್ತಿಗೆ ಯಾರಿದ್ದಾರೋ ಯಾರಿಲ್ಲವೋ. ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಅಂಗಡಿ ಕಿಕ್ಕಿರಿದಿತ್ತು. ಬೇಟೆಗಾರರು ಬೆಳ್ಳುಳ್ಳಿ ಸಾರು ಕುಡಿದು, ತಟ್ಟೆಯ ತಳದಲ್ಲಿ ಉಳಿದದ್ದಕ್ಕೆ ಕೆಂಪು ವೈನು ಹೊಯ್ದು, ತಟ್ಟೆಯನ್ನೇ ಎತ್ತಿ ಹೀರುತ್ತಿದ್ದರು. ಆನ್ಸೆಲ್ಮ್ ಮೂಲೆಯ ಮೇಜಿನಲ್ಲಿ ಇಸ್ಪೀಟು ಹಿಡಿದು, ಗಲ್ಲಾಕ್ಕೆ ಬೆನ್ನು ಮಾಡಿ ಕೂತಿದ್ದ. ಸೋತ ಮೇಲೆ ಅವನು ರೊಟ್ಟಿಗೆ ಹೆಂಡತಿಯನ್ನು ಕಳಿಸುತ್ತಿದ್ದ. ಭಾನುವಾರ ಮಾತ್ರ ಜೊತೆಯಾಟದವರು ಎಳೆದುಕೊಂಡು ಬರುತ್ತಿದ್ದರು. ಬಂದರೂ ಸಿದೋನಿಯ ಜೊತೆ ಮಾತಿಲ್ಲ.

ಸಿದೋನಿ ಏಪ್ರನ್ನಿಗೆ ಕೈ ಒರೆಸಿಕೊಂಡಳು. ಪದ್ಧತಿ ಹಾಳಾಗಿ ಹೋಗಲಿ. ಗಲ್ಲಾದ ಹಿಂದಿನಿಂದ ಹೊರಗೆ ಬಂದು ನಡುಮಧ್ಯೆ ನಿಂತಳು.

"ಇಲ್ಲಿ ಕೇಳಿ. ನನಗೊಂದು ಕಂಬ ಬೇಕು."

ತಟ್ಟೆಗಳು ಅರ್ಧದಲ್ಲಿ ನಿಂತವು.

"ತಮಾಷೆ ಅಲ್ಲ," ಎಂದಳು. "ಇಪ್ಪತ್ತು ವರ್ಷದವಳಿದ್ದಾಗಿಂದ ಆಸೆ ನನಗೆ. ಸೌದೆ ಗೀದೆ ಏನೂ ಮಾಡಲ್ಲ. ಅದರ ಕೆಳಗೆ ಕುರ್ಚಿ ಹಾಕ್ಕೊಂಡು ಸಾಯಂಕಾಲ ಕೂತ್ಕೋತೀನಿ, ಅಷ್ಟೆ."

ಫುಲ್ಬೇರನ ಮೂಗಿನಿಂದ ವೈನು ಬಂತು. ಅವನ ಹಿಂದೆ ಇಡೀ ಅಂಗಡಿ ನಕ್ಕಿತು. ಮೇಜು ಗುದ್ದಿದರು, ಹೊಟ್ಟೆ ಹಿಡಿದುಕೊಂಡರು. ಕುರ್ಚಿ ಹಾಕಿಕೊಂಡು ಕೂತುಕೊಳ್ಳುತ್ತಾಳಂತೆ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿ ಮತ್ತೆ ನಕ್ಕರು. ಓಕ್ತಾವಿ ಕಣ್ಣೊರೆಸಿಕೊಳ್ಳುತ್ತ, ಅವಳ ಮುಖವಾದರೂ ನೋಡಿ, ಎಷ್ಟು ಚೆನ್ನಾಗಿ ಮಾಡುತ್ತಾಳೆ, ಥೇಟು ನಿಜದ ಹಾಗೆ ಎಂದಳು.

ಬದುಕಿನಲ್ಲಿ ಒಮ್ಮೆ ನಿಜ ಹೇಳಿದ್ದಳು, ಅದು ಅವಳ ಅತಿ ದೊಡ್ಡ ತಮಾಷೆಯಾಯಿತು. ಯಾರನ್ನು ದೂರುವುದು? ನಗುವುದನ್ನು ಇವರಿಗೆ ಕಲಿಸಿದವಳೇ ಅವಳು. ಸಿದೋನಿ ತಾನೂ ನಕ್ಕಳು, ಬೇರೇನು ಮಾಡುವುದು. ನಗುತ್ತಲೇ ಹಿಂದಿನ ಕೋಣೆಗೆ ಹೋಗಿ, ಬಾಗಿಲು ಮುಚ್ಚಿ, ಸಾಲು ಸಾಲು ಜಾಡಿಗಳ ಎದುರು ನಿಂತು ಅತ್ತಳು. ಅತ್ತದ್ದನ್ನು ಮುಚ್ಚಿಡುವುದೇನಿದೆ, ಬಿಕ್ಕಿ ಬಿಕ್ಕಿ ಅತ್ತಳು. ಮುಖ ತೊಳೆದು ಹೊರಗೆ ಬಂದಾಗ ಜನ ಇನ್ನೂ ಅದನ್ನೇ ಹೇಳಿಕೊಂಡು ನಗುತ್ತಿದ್ದರು. ಮೂಲೆಯ ಮೇಜಿನಲ್ಲಿ ಆನ್ಸೆಲ್ಮನ ಕುರ್ಚಿ ಮಾತ್ರ ಖಾಲಿಯಿತ್ತು. ಗೆಲ್ಲುವ ಎಲೆಗಳನ್ನು ಬಿಟ್ಟು ಎದ್ದು ಹೋದನಲ್ಲ ಎಂದು ಜೊತೆಯಾಟದವರು ಗೊಣಗುತ್ತಿದ್ದರು.

ಆಮೇಲೆ ನಡೆದದ್ದು ಸಿದೋನಿಗೆ ಆಗ ತಿಳಿಯಲಿಲ್ಲ. ಅಂದು ಮಧ್ಯಾಹ್ನವೇ ಆನ್ಸೆಲ್ಮ್ ಫುಲ್ಬೇರನ ಮರಗೆಲಸದ ಕೊಟ್ಟಿಗೆಗೆ ಹೋಗಿದ್ದ. ಚುನಾವಣೆಯಾದ ಮೇಲೆ ಅವನ ಮುಖ ನೋಡಲು ಊರಿಗೆ ಮುಜುಗರವಾಗುತ್ತಿತ್ತು. ಅವನಾಗಿ ಬಂದದ್ದನ್ನು ಕಂಡು ಫುಲ್ಬೇರ್ ಕುರ್ಚಿ ಒರೆಸಿ ಕೊಟ್ಟ, ಮನೆಯಲ್ಲೇ ಬಟ್ಟಿಯಿಳಿಸಿದ ಪ್ಲಮ್ ಸಾರಾಯಿ ಸುರಿದ. ಆನ್ಸೆಲ್ಮ್ ಕೂರಲಿಲ್ಲ.

"ನನ್ನ ಮೇಯರ್ ಕುರ್ಚಿ ನಿಮ್ಮ ತಮಾಷೆಗೆ ಹೋಯ್ತು," ಎಂದ. "ಈಗ ನನಗೂ ಒಂದು ತಮಾಷೆ ಬಾಕಿ ಇದೆ. ಅವಳ ಬಾಗಿಲಿಗೆ ಕಂಬ ನೆಡೋಣ. ಅವಳು ಕುಣಿದು ಕೂಗಾಡೋದನ್ನ ನಾನು ಕಣ್ತುಂಬ ನೋಡ್ಬೇಕು."

ಫುಲ್ಬೇರನಿಗೆ ಇದಕ್ಕಿಂತ ಏನು ಬೇಕು? ಊರಿನ ಋಣ ಇಷ್ಟು ಅಗ್ಗದಲ್ಲಿ ತೀರುವುದಾದರೆ ಕಂಬವೊಂದೇ ಏಕೆ, ಕಾಡನ್ನೇ ತಂದಾನು. ಹಲಗೆಯ ಮೇಲೆ ಊರಿನ ನಾಲಿಗೆಗೆ ನಮಸ್ಕಾರ ಎಂದು ಬರೆಯೋಣವೆಂದ. ತುದಿಗೆ ಹಳೆಯ ಪೊರಕೆ ಕಟ್ಟೋಣವೆಂದ. ಆನ್ಸೆಲ್ಮ್ ಒಂದಕ್ಕೂ ಒಪ್ಪಲಿಲ್ಲ. ಮರ ಎತ್ತರದ್ದಾಗಿರಬೇಕು, ಬಾವುಟ ಹೊಸದಾಗಿರಬೇಕು, ಎಲ್ಲ ಮೇಯರುಗಳ ಹಲಗೆಯಲ್ಲಿ ಏನಿರುತ್ತದೋ ಅದೇ ಮಾತು ಇರಬೇಕು. ಎಲ್ಲವೂ ಶಾಸ್ತ್ರೋಕ್ತವಾಗಿದ್ದರೇ ಅವಳಿಗೆ ಉರಿಯುವುದು ಎಂದು ವಾದಿಸಿದ. ಫುಲ್ಬೇರ್ ಅವನ ಕುತಂತ್ರಕ್ಕೆ ತಲೆದೂಗಿದ. ಮರ ಯಾರ ಕಾಡಿನದೆಂಬ ಪ್ರಶ್ನೆ ಬಂತು. ಎತ್ತರದ ಪೈನ್ ಉಳಿದಿದ್ದುದು ಆನ್ಸೆಲ್ಮನ ಕಾಡಿನಲ್ಲಿ ಮಾತ್ರ. ಕೊಟ್ಟರೆ ಅದು ಕದ್ದದ್ದಾಗುವುದಿಲ್ಲ. ಹಾಗಾಗಿ ಅವರು ಕೊಡಲಿ ಹಿಡಿದು ಬಂದಾಗ ಮಾಲೀಕ ಮರಗಳಿಗೆ ಬೆನ್ನು ತಿರುಗಿಸಿ, ಕೆಲಸ ಮುಗಿಯುವವರೆಗೆ ಆಕಾಶ ನೋಡುತ್ತ ನಿಂತಿದ್ದನಂತೆ.

ಮೇ ತಿಂಗಳ ಕೊನೆಯ ಬೆಳಿಗ್ಗೆ. ಸಿದೋನಿ ಹಿಂದಿನ ದಿನದ ರೊಟ್ಟಿಯನ್ನು ಸಾರಿಗೆಂದು ತುಂಡು ಮಾಡುತ್ತಿದ್ದಳು. ಹೊರಗೆ ಟ್ರ್ಯಾಕ್ಟರಿನ ಸದ್ದು, ಅದರ ಮೇಲೆ ಜನ ಕಿಸಿಕಿಸಿ ನಗುವ ಸದ್ದು. ಚಾಕು ಕೈಯಲ್ಲೇ ಹಿಡಿದು ಹೊರಗೆ ಬಂದಳು. ಅವಳ ಬಾಗಿಲ ಮುಂದೆ, ಹೆಗ್ಗಣಕ್ಕೆಂದು ತೋಡಿದ್ದ ಗುಂಡಿಯಲ್ಲಿ ಬುಡವಿಟ್ಟುಕೊಂಡು, ಬೆಳ್ಳನೆಯ ಮರವೊಂದು ಹಗ್ಗಗಳ ಎಳೆತಕ್ಕೆ ಮೆಲ್ಲನೆ ಎದ್ದು ನಿಲ್ಲುತ್ತಿತ್ತು. ತುದಿಯಲ್ಲಿ ಹಸಿರು ಕುಚ್ಚು, ಅದರ ಕೆಳಗೆ ಮೂರು ಬಣ್ಣದ ಬಾವುಟ, ಅದರ ಕೆಳಗೆ ಹಲಗೆ. ನಮ್ಮ ಮೇಯರಿಗೆ ಗೌರವ.

ಅವಳು ಮರವನ್ನು ನೋಡಿದಳು. ಆಮೇಲೆ ಜನರನ್ನು ನೋಡಿದಳು. ಒಬ್ಬರೂ ಮರ ನೋಡುತ್ತಿರಲಿಲ್ಲ. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಫುಲ್ಬೇರನ ಬಾಯಿ ಆಗಲೇ ನಗುವಿಗೆ ಅರ್ಧ ತೆರೆದಿತ್ತು. ಅವಳಿಗೆ ಅರ್ಥವಾಯಿತು. ಇವರು ಬಂದಿರುವುದು ಗೌರವಿಸಲಿಕ್ಕಲ್ಲ, ಬೈಸಿಕೊಳ್ಳಲಿಕ್ಕೆ. ಈಗ ಅತ್ತರೆ ಇವರಿಗೆ ಗೊತ್ತಾಗುತ್ತದೆ. ಗೊತ್ತಾದರೆ ಅಯ್ಯೋ ಪಾಪ ಎನ್ನುತ್ತಾರೆ. ಅಯ್ಯೋ ಪಾಪ ಎಂಬ ಕಂಬ ಅವಳಿಗೆ ಬೇಡವಾಗಿತ್ತು.

ಬಾಯಿ ತೆರೆದಳು. ಅಂದು ಬೈದ ಹಾಗೆ ಅವಳು ಹಿಂದೆಂದೂ ಬೈದಿರಲಿಲ್ಲ ಎಂದು ಊರು ಇಂದಿಗೂ ಹೇಳುತ್ತದೆ. ಕಂಬ ವಾಲಿದೆ ಎಂದಳು, ಅದನ್ನು ನೆಟ್ಟವನ ಬಾಗಿಲುಗಳೂ ಹಾಗೇ ಎಂದಳು. ಮಾಲೆ ಕಟ್ಟಿದ ಕೈಗೆ ಆಕಳ ಗೊರಸಿದೆಯೇ ಎಂದು ಕೇಳಿದಳು. ಚಾಕು ಆಡಿಸುತ್ತ, ಗರಗಸ ಎಲ್ಲಿ, ಯಾರಾದರೂ ಗರಗಸ ಕೊಡಿ ಎಂದು ಬೀದಿಯುದ್ದಕ್ಕೂ ಓಡಾಡಿದಳು. ಗರಗಸ ಎಲ್ಲಿದೆಯೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಿದ್ದ ಕಡೆಗೆ ಮಾತ್ರ ಅವಳು ಹೋಗಲಿಲ್ಲ. ಜನ ಗೋಡೆಗೆ ಒರಗಿ ನಕ್ಕು ನಕ್ಕು ಸುಸ್ತಾದರು.

ಬಂದ ಪೀಡೆಗಳಿಗೆ ತಿನ್ನಿಸದೆ ಗತಿಯಿಲ್ಲವಲ್ಲ ಎಂದು ಶಪಿಸುತ್ತ ಬೀದಿಗೆ ಮೇಜು ಹಾಕಿಸಿದಳು. ಪೀಪಾಯಿ ಬಂತು. ಕೇಕು ಬಂತು. ಜಾಡಿಗಳು ಬಂದವು, ಮತ್ತೆ ಬಂದವು, ಬರುತ್ತಲೇ ಇದ್ದವು. ತಿನ್ನುವ ಭರಾಟೆಯಲ್ಲಿ ಇದೆಲ್ಲ ಎಲ್ಲಿಂದ ಬಂತೆಂದು ಯಾರೂ ಯೋಚಿಸಲಿಲ್ಲ. ಓಕ್ತಾವಿ ಮಾತ್ರ ತನ್ನ ಬಾತುಗಳ ರುಚಿ ಗುರುತಿಸಿ, ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು.

"ಇಷ್ಟೊಂದು ಯಾರಿಗೆ ಮಾಡಿಟ್ಟಿದ್ದೆ ನೀನು?"

"ಬೆಕ್ಕಿಗೆ," ಎಂದಳು ಸಿದೋನಿ.

ಓಕ್ತಾವಿ ಏನೋ ಯೋಚನೆಗೆ ಬಿದ್ದಳು. ಅಷ್ಟರಲ್ಲಿ ಫುಲ್ಬೇರ್ ಗ್ಲಾಸು ಬಡಿದು ಎಲ್ಲರನ್ನೂ ಸುಮ್ಮನಾಗಿಸಿದ. ಕಂಬ ಪಡೆದವರು ಅದರ ಕೆಳಗೆ ನಿಂತು ಎರಡು ಮಾತಾಡುವುದು ಪದ್ಧತಿ. ಮೇಯರಮ್ಮ ಮಾತಾಡಲಿ ಎಂದು ಕೂಗಿದರು. ಇನ್ನೊಂದು ಸುತ್ತು ಬೈಗುಳಕ್ಕೆ ಎಲ್ಲರೂ ಕಿವಿ ನೆಟ್ಟಗೆ ಮಾಡಿಕೊಂಡರು.

ಸಿದೋನಿ ಗ್ಲಾಸು ಹಿಡಿದು ಕಂಬದ ಬುಡಕ್ಕೆ ಹೋದಳು. ಬೈಗುಳ ಸಿದ್ಧವಾಗಿಯೇ ಇತ್ತು. ಆದರೆ ಆಸರೆಗೆಂದು ಒಂದು ಕೈ ಮರದ ಮೇಲಿಟ್ಟಳು, ಆ ನುಣುಪು ಅಂಗೈಗೆ ತಾಗಿತು. ತಲೆಯೆತ್ತಿ ನೋಡಿದಳು. ಮೇಲೆ ಕುಚ್ಚು ಗಾಳಿಗೆ ಆಡುತ್ತಿತ್ತು. ಬಾಯಿ ತೆರೆದಳು, ಮಾತು ಬರಲಿಲ್ಲ. ಮತ್ತೆ ತೆರೆದಳು, ಬರಲಿಲ್ಲ. ಮೇಜುಗಳ ಸುತ್ತಲಿನ ನಗು ಒಂದೊಂದಾಗಿ ಆರತೊಡಗಿತು. ಫುಲ್ಬೇರ್ ಹುಬ್ಬು ಗಂಟಿಕ್ಕಿದ. ಓಕ್ತಾವಿ ನಿಧಾನವಾಗಿ ಎದ್ದು ನಿಂತಳು.

ಯಾರೋ ಅವಳ ಪಕ್ಕಕ್ಕೆ ಬಂದು ವೈನು ಸುರಿಯತೊಡಗಿದರು. ಗ್ಲಾಸು ಆಗಲೇ ತುಂಬಿತ್ತು, ವೈನು ಅವಳ ಬೆರಳ ಮೇಲೆ ಹರಿಯಿತು. ಆನ್ಸೆಲ್ಮ್. ಜನರ ಕಡೆಗೆ ಬೆನ್ನು ಮಾಡಿ, ಅವಳ ಮುಖ ಅವರಿಗೆ ಕಾಣದ ಹಾಗೆ ಅಡ್ಡ ನಿಂತಿದ್ದ.

"ಬಯ್ಯಿ ಸಿದೋನಿ," ಎಂದು ಪಿಸುಗುಟ್ಟಿದ. "ನಿಲ್ಲಿಸ್ಬೇಡ. ನಿಲ್ಲಿಸಿದ್ರೆ ಅವರಿಗೆ ಗೊತ್ತಾಗಿಬಿಡುತ್ತೆ."

ಅವಳು ಅವನನ್ನು ನೋಡಿದಳು. ಅಂದು ಮರ ಹೊತ್ತು ಅಡಿಗೆಮನೆಯ ಕಿಟಕಿಯತ್ತ ನೋಡಿದ್ದ ಅದೇ ಕಣ್ಣುಗಳು. ಇದು ಯಾರ ತಮಾಷೆ, ಯಾರ ಮೇಲಿನ ತಮಾಷೆ ಎಂದು ಅವಳಿಗೆ ಆಗ ಗೊತ್ತಾಯಿತು.

"ನನ್ನನ್ನೇ ಬಯ್ಯಿ," ಎಂದ ಆನ್ಸೆಲ್ಮ್.

ಸಿದೋನಿ ಮೂಗೆಳೆದುಕೊಂಡು, ದನಿ ಎತ್ತಿ, ವೆರ್ದಿಯೆ ವಂಶದ ಮುತ್ತಜ್ಜನಿಂದ ಶುರುಮಾಡಿದಳು. ಬೀದಿ ಮತ್ತೆ ನಗುವಿನಲ್ಲಿ ಮುಳುಗಿತು. ಆನ್ಸೆಲ್ಮ್ ಬಾಟಲಿ ಹಿಡಿದು, ತಲೆ ತಗ್ಗಿಸಿ, ಒಂದೊಂದು ಬೈಗುಳವನ್ನೂ ನಿಂತು ಕೇಳಿಸಿಕೊಂಡ.